ಹಳದಿ ಲೆನ್ಸ್ ಹಾಕಿಸಿದ ಮೇಲೆ ಫೀಲ್ಡ್ ಟೆಸ್ಟ್ ಏಕೆ ಬದಲಾಯಿತು?

ಪ್ರಶ್ನೆ: ನಮ್ಮದು ಹಿರಿಯೂರು ತಾಲ್ಲೂಕು. ತಂದೆಯವರಿಗೆ 67 ವರ್ಷ, ಎರಡೂ ಕಣ್ಣಿಗೆ ಗ್ಲಾಕೋಮಾ ಇದೆ, ಡ್ರಾಪ್ಸ್ ತಪ್ಪಿಸುವುದಿಲ್ಲ. ಪೊರೆ ಬಲಿತ ಮೇಲೆ ಕನ್ನಡಕವಿಲ್ಲದೆ ಪೇಪರ್ ಓದುತ್ತಿದ್ದರು, ದೂರದ್ದು ಮಾತ್ರ ಮಸುಕು. ದಾವಣಗೆರೆಯಲ್ಲಿ ಬಲಗಣ್ಣಿನ ಪೊರೆ ಆಪರೇಷನ್ ಮಾಡಿಸಿ ಹಳದಿ ಬಣ್ಣದ ಲೆನ್ಸ್ ಹಾಕಿಸಿದೆವು. ಆಪರೇಷನ್ನಿಗೆ ಮೊದಲು ಆ ಕಣ್ಣಿನ ಫೀಲ್ಡ್ ಟೆಸ್ಟಿನಲ್ಲಿ ಎಂಡಿ −9.8 ಇತ್ತು. ಆಪರೇಷನ್ ಆದ ಮೂರು ವಾರಕ್ಕೆ ಅದೇ ಯಂತ್ರದಲ್ಲಿ −10.6 ಬಂತು, ಮೂರು ತಿಂಗಳಿಗೆ −7.4. ಹಳದಿ ಲೆನ್ಸ್ ಬೆಳಕು ತಡೆದು ಟೆಸ್ಟ್ ತಪ್ಪು ತೋರಿಸುತ್ತಿದೆಯೇ? ಗ್ಲಾಕೋಮಾ ಕಮ್ಮಿಯಾಗಿದೆ ಎಂದುಕೊಳ್ಳಬಹುದೇ? ಎಡಗಣ್ಣಿಗೂ ಪೊರೆ ಬಂದಿದೆ, ಅದಕ್ಕೆ ಬಣ್ಣವಿಲ್ಲದ ಲೆನ್ಸ್ ಹಾಕಿಸಬೇಕೇ, ಹಳದಿಯೇ? ಇನ್ನು ಮುಂದೆ ಹತ್ತಿರದ ಚಿತ್ರದುರ್ಗದಲ್ಲೇ ಟೆಸ್ಟ್ ಮಾಡಿಸಬಹುದೇ? ಮೂರೂ ಪ್ರಿಂಟಿನ ಫೋಟೊ ಕಳಿಸಿದ್ದೇನೆ.

ಉತ್ತರ: ಮುಖ್ಯ ಸಂಶಯವನ್ನು ಮೊದಲು ಪರಿಹರಿಸಿಬಿಡೋಣ. ನಿಮ್ಮ ತಂದೆಯವರಿಗೆ ಮಾಡಿರುವ ಟೆಸ್ಟನ್ನು ಹಳದಿ ಲೆನ್ಸ್ ಕೆಡಿಸಿಲ್ಲ. ಫೀಲ್ಡ್ ಟೆಸ್ಟ್ ಎಂದರೆ ನೇರ ನೋಡುತ್ತಿರುವಾಗ ಸುತ್ತಲಿನದು ಕಣ್ಣಿಗೆ ಎಷ್ಟು ಕಾಣುತ್ತದೆ ಎಂಬ ಪರೀಕ್ಷೆ; ಎಂಡಿ ಎಂದರೆ ಅದೇ ವಯಸ್ಸಿನ ಆರೋಗ್ಯವಂತರಿಗಿಂತ ಅದು ಸರಾಸರಿ ಎಷ್ಟು ಕಮ್ಮಿ ಎಂಬ ಅಂಕಿ, ಮೈನಸ್ ದೊಡ್ಡದಾದಷ್ಟೂ ಸ್ಥಿತಿ ಕೆಟ್ಟದ್ದು. −10.6ಕ್ಕೂ ಹಳದಿ ಲೆನ್ಸ್ ಕಾರಣವಲ್ಲ, −7.4ಕ್ಕೂ ಅಲ್ಲ. ಆ ಎರಡಕ್ಕೂ ಬೇರೆ ಬೇರೆ ಕಾರಣಗಳಿವೆ, ಮತ್ತು ಎರಡೂ ನೀವು ಕಳಿಸಿದ ಪ್ರಿಂಟಿನಲ್ಲೇ ಅಚ್ಚಾಗಿವೆ. ಪ್ರಿಂಟ್ ಎಂದರೆ ಡಾಕ್ಟರಿಗೆ ಮಾತ್ರ ಅರ್ಥವಾಗುವ ಕಾಗದ ಎಂದು ಮನೆಯವರು ಫೈಲಿನೊಳಗೆ ಮಡಚಿಡುತ್ತಾರೆ. ಗ್ಲಾಕೋಮಾ ಇರುವವರ ಮನೆಯಲ್ಲಿ ಒಬ್ಬರಾದರೂ ಅದನ್ನು ಓದುವುದು ಕಲಿತಿರಬೇಕು. ಈ ಕಾಯಿಲೆ ಜೀವನಪೂರ್ತಿ ಜೊತೆಗಿರುತ್ತದೆ, ಡಾಕ್ಟರು ಬದಲಾಗುತ್ತಾರೆ, ಊರು ಬದಲಾಗುತ್ತದೆ, ಕೊನೆಗೆ ಉಳಿಯುವ ದಾಖಲೆ ಅದೊಂದೇ.

ಮೂರೂ ಪ್ರಿಂಟಿನ ತಲೆಭಾಗದಲ್ಲಿ ಒಂದು ಸಾಲು ನೋಡಿ. ಸ್ಟಿಮ್ಯುಲಸ್ ಸೈಜ್ 3, ವೈಟ್; ಬ್ಯಾಕ್‌ಗ್ರೌಂಡ್ 31.5 ಎಎಸ್‌ಬಿ (ಹೊಳಪಿನ ಅಳತೆ) ಎಂದಿದೆ. ಯಂತ್ರದ ಬೋಗುಣಿಯಂಥ ಒಳಮೈಗೆ ಸದಾ ಮಂದವಾದ ಬಿಳಿ ಬೆಳಕು ಬಿದ್ದಿರುತ್ತದೆ, ಆ ಬೆಳಕಿನ ಮೇಲೆ ಬಿಳಿ ಚುಕ್ಕೆಯೊಂದು 0.2 ಸೆಕೆಂಡ್ ಮಿನುಗಿ ಮಾಯವಾಗುತ್ತದೆ ಎಂದು ಇದರ ಅರ್ಥ. ಅಂದರೆ ಬಿಳಿಯ ಮೇಲೆ ಬಿಳಿ. ಚುಕ್ಕೆ ಕಂಡಾಗಲೆಲ್ಲ ರೋಗಿ ಬಟನ್ ಒತ್ತಬೇಕು. ಚುಕ್ಕೆಯ ಅಗಲ ಅರ್ಧ ಡಿಗ್ರಿಗಿಂತ ಸ್ವಲ್ಪ ಕಮ್ಮಿ. 24-2 ಎಂಬ ಮಾದರಿಯಲ್ಲಿ 6 ಡಿಗ್ರಿ ಅಂತರದಲ್ಲಿ 54 ಜಾಗಗಳಲ್ಲಿ ಅದನ್ನು ತೋರಿಸಿ, ಪ್ರತಿ ಜಾಗದಲ್ಲೂ ಕಣ್ಣಿಗೆ ಕಾಣುವ ಅತಿ ಮಂದ ಚುಕ್ಕೆ ಯಾವುದು ಎಂದು ಹುಡುಕುತ್ತಾರೆ. ಅದನ್ನು ಡೆಸಿಬೆಲ್‌ನಲ್ಲಿ, ಅಂದರೆ ಡಿಬಿಯಲ್ಲಿ ಬರೆಯುತ್ತಾರೆ. ಯಂತ್ರದ ಅತ್ಯಂತ ಪ್ರಖರ ಚುಕ್ಕೆ 0 ಡಿಬಿ. ಅದರ ಹತ್ತನೇ ಒಂದು ಪಾಲು 10 ಡಿಬಿ, ಸಾವಿರದ ಒಂದು ಪಾಲು 30 ಡಿಬಿ. ಅಂಕಿ ದೊಡ್ಡದಾದಷ್ಟೂ ಕಣ್ಣು ಚುರುಕು. ಬೆಳಕು ಅರ್ಧಕ್ಕೆ ಇಳಿದರೆ 3 ಡಿಬಿ ವ್ಯತ್ಯಾಸ. ಇದೊಂದನ್ನು ನೆನಪಿಡಿ, ಮುಂದಿನ ಲೆಕ್ಕಕ್ಕೆಲ್ಲ ಬೇಕು.

ಈಗ ಲೆನ್ಸಿನ ಬಣ್ಣಕ್ಕೆ ಬರೋಣ. ಬಣ್ಣವಿಲ್ಲದ ಸಾಮಾನ್ಯ ಲೆನ್ಸ್ 400 ನ್ಯಾನೋಮೀಟರಿಗಿಂತ ಕೆಳಗಿನ ನೇರಳಾತೀತ ಕಿರಣವನ್ನಷ್ಟೇ ತಡೆಯುತ್ತದೆ. ಹಳದಿ ಲೆನ್ಸ್ ಅದರ ಜೊತೆಗೆ 400ರಿಂದ 500ರವರೆಗಿನ ನೇರಳೆ ಮತ್ತು ನೀಲಿಯನ್ನೂ ಒಂದಷ್ಟು ಸೋಸುತ್ತದೆ. ಬಳಕೆಯಲ್ಲಿರುವ 20 ಪವರಿನ ಹಳದಿ ಲೆನ್ಸ್ 450ರ ಹತ್ತಿರ ಸುಮಾರು ಅರ್ಧ ಬೆಳಕನ್ನು ತಡೆದರೆ, 475ರ ಹೊತ್ತಿಗೆ ಕಾಲು ಭಾಗದಷ್ಟನ್ನು ಮಾತ್ರ. 500 ದಾಟಿದ ಮೇಲೆ ಹಸಿರು, ಹಳದಿ, ಕೆಂಪು ಎಲ್ಲವೂ ಹೆಚ್ಚುಕಮ್ಮಿ ಹಾಗೇ ಒಳಗೆ ಹೋಗುತ್ತವೆ. ಪವರ್ ಹೆಚ್ಚಾದರೆ ಲೆನ್ಸ್ ದಪ್ಪವಾಗುತ್ತದೆ, ಸೋಸುವುದೂ ಒಂಚೂರು ಹೆಚ್ಚುತ್ತದೆ.

ಹಗಲಿನಲ್ಲಿ ನಮ್ಮ ಕಣ್ಣಿಗೆ ಹೊಳಪು ಎನ್ನಿಸುವುದು ಬಹುಪಾಲು 555 ನ್ಯಾನೋಮೀಟರಿನ ಆಸುಪಾಸಿನ ಹಸಿರು-ಹಳದಿ ಬೆಳಕಿನಿಂದ. ಅದರಲ್ಲಿ ನೀಲಿಯ ಪಾಲು ತೀರ ಕಮ್ಮಿ. ಆದ್ದರಿಂದ ಬಿಳಿ ಬೆಳಕಿನಿಂದ ನೀಲಿಯನ್ನು ಅರ್ಧ ತೆಗೆದರೂ ಒಟ್ಟು ಹೊಳಪು ಇಳಿಯುವುದು ನೂರಕ್ಕೆ ಕೆಲವೇ ಪಾಲು. ನೂರಕ್ಕೆ ಐದು ಎಂದೇ ಇಟ್ಟುಕೊಳ್ಳಿ, ಡಿಬಿ ಲೆಕ್ಕದಲ್ಲಿ ಅದು 0.2ರಷ್ಟು. ಆ 0.2 ಕೂಡ ಪೂರ್ತಿ ಪ್ರಿಂಟಿಗೆ ಬರುವುದಿಲ್ಲ. ಚುಕ್ಕೆಯೂ ಹಿನ್ನೆಲೆಯೂ ಒಂದೇ ಲೆನ್ಸಿನ ಮೂಲಕ ಒಳಗೆ ಹೋಗುತ್ತವೆ, ಎರಡೂ ಒಂದೇ ಪ್ರಮಾಣದಲ್ಲಿ ಮಂದವಾಗುತ್ತವೆ. ಕಣ್ಣು ಗುರುತಿಸುವುದು ಹಿನ್ನೆಲೆಗಿಂತ ಚುಕ್ಕೆ ಎಷ್ಟು ಪಟ್ಟು ಪ್ರಖರ ಎಂಬುದನ್ನು. ಸಮನಾಗಿ ತೂಗುತ್ತಿರುವ ತಕ್ಕಡಿಯ ಎರಡೂ ತಟ್ಟೆಯಿಂದ ನೂರಕ್ಕೆ ಐದರಂತೆ ತೆಗೆದರೆ ಮುಳ್ಳು ಅಲುಗುವುದಿಲ್ಲವಲ್ಲ, ಹಾಗೆ. ಇನ್ನೊಂದು ಕಡೆಯಿಂದಲೂ ನೋಡಿ: ಏನೂ ಬದಲಾಗದ ಕಣ್ಣಿಗೇ ಇವತ್ತೊಂದು ನಾಳೆಯೊಂದು ಟೆಸ್ಟ್ ಮಾಡಿದರೆ ಆರೋಗ್ಯವಾಗಿರುವ ಜಾಗಗಳಲ್ಲೇ 2–3 ಡಿಬಿ ಏರುಪೇರಾಗುತ್ತದೆ, ಗ್ಲಾಕೋಮಾ ತಿಂದಿರುವ ಜಾಗಗಳಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು. ಲೆನ್ಸಿನ ಬಣ್ಣದ ಪರಿಣಾಮ ಅದರೊಳಗೆ ಎಲ್ಲಿ ಮುಳುಗಿತು ಎಂದೂ ತಿಳಿಯುವುದಿಲ್ಲ.

ಹಾಗಾದರೆ ಹಳದಿ ಲೆನ್ಸ್ ಟೆಸ್ಟನ್ನು ಬದಲಿಸುತ್ತದೆ ಎಂಬ ಮಾತು ಹುಟ್ಟಿದ್ದು ಎಲ್ಲಿಂದ? ಅದಕ್ಕೂ ಆಧಾರವಿದೆ. ಫೀಲ್ಡ್ ಟೆಸ್ಟಿನಲ್ಲಿ ಇನ್ನೊಂದು ಬಗೆಯಿದೆ, ಹಳದಿ ಹಿನ್ನೆಲೆಯ ಮೇಲೆ ನೀಲಿ ಚುಕ್ಕೆ ತೋರಿಸುವಂಥದ್ದು. ಅದನ್ನು ಸ್ವಾಪ್ ಎನ್ನುತ್ತಾರೆ. ಅಲ್ಲಿ ಚುಕ್ಕೆ 440 ನ್ಯಾನೋಮೀಟರಿನ ಶುದ್ಧ ನೀಲಿ, ದೊಡ್ಡದಾದ ಸೈಜ್ 5. ಹಿನ್ನೆಲೆ ಪ್ರಖರ ಹಳದಿ. ನೀಲಿಯನ್ನು ಹಿಡಿಯುವ ಕೋನ್ ಕೋಶಗಳು ಅಕ್ಷಿಪಟಲದಲ್ಲಿ ಅತಿ ಕಡಿಮೆ, ಅವುಗಳ ದಾರಿಯನ್ನೇ ಬೇರ್ಪಡಿಸಿ ಪರೀಕ್ಷಿಸಿದರೆ ಗ್ಲಾಕೋಮಾ ಬೇಗ ಸಿಕ್ಕೀತು ಎಂಬ ಆಸೆಯಿಂದ ಬಂದ ವಿಧಾನ ಅದು. ಅಲ್ಲಿ ತಕ್ಕಡಿ ವಾಲುತ್ತದೆ. ಹಳದಿ ಹಿನ್ನೆಲೆ ಲೆನ್ಸಿನೊಳಗೆ ಸಲೀಸಾಗಿ ಹೋಗುತ್ತದೆ, ನೀಲಿ ಚುಕ್ಕೆ ಮಾತ್ರ ಅರ್ಧಕ್ಕಿಳಿಯುತ್ತದೆ. ಅರ್ಧ ಎಂದರೆ 3 ಡಿಬಿ. ಒಂದು ಕಣ್ಣಿಗೆ ಬಣ್ಣವಿಲ್ಲದ ಲೆನ್ಸ್, ಇನ್ನೊಂದಕ್ಕೆ ಹಳದಿ ಲೆನ್ಸ್ ಇರುವವರಿಗೆ ಸ್ವಾಪ್ ಮಾಡಿದರೆ ಹಳದಿ ಇರುವ ಕಣ್ಣು ಎಲ್ಲ ಬಿಂದುಗಳಲ್ಲೂ ಒಂದೇ ಸಮ ಕೆಳಗಿರುವಂತೆ ಕಾಣಬಹುದು, ಅದನ್ನೇ ಗ್ಲಾಕೋಮಾ ಎಂದು ಓದಿಬಿಡುವ ಅಪಾಯವಿದೆ.

ಇದರಲ್ಲಿ ಸಾಮಾನ್ಯವಾಗಿ ಹೇಳದೆ ಬಿಡುವ ಇನ್ನೊಂದು ಅಂಶವಿದೆ. ಸ್ವಾಪ್ ಯಂತ್ರದೊಳಗಿನ ವಯಸ್ಸುವಾರು ಸರಾಸರಿಗಳನ್ನು ತಯಾರಿಸಿದ್ದು ಆಪರೇಷನ್ ಆಗದ, ಸ್ವಂತ ಲೆನ್ಸ್ ಇರುವ ಕಣ್ಣುಗಳಿಂದ. ವಯಸ್ಸಾದಂತೆ ನಮ್ಮ ಲೆನ್ಸ್ ತಾನಾಗಿಯೇ ಹಳದಿಯಾಗುತ್ತದೆ, 65–70ರ ಲೆನ್ಸ್ ಎಷ್ಟೋ ಸಲ ಕಾರ್ಖಾನೆಯ ಹಳದಿ ಲೆನ್ಸಿಗಿಂತ ಹೆಚ್ಚು ನೀಲಿಯನ್ನು ತಡೆಯುತ್ತದೆ. ಹಾಗಾಗಿ ಆ ಸರಾಸರಿಯ ಎದುರು ನಿಲ್ಲಿಸಿದಾಗ ಹಳದಿ ಲೆನ್ಸಿನ ಕಣ್ಣಿಗಿಂತ ಬಣ್ಣವಿಲ್ಲದ ಲೆನ್ಸಿನ ಕಣ್ಣೇ ಹೆಚ್ಚು ದಾರಿ ತಪ್ಪಿಸಬಹುದು: ಇದ್ದದ್ದಕ್ಕಿಂತ ಚೆನ್ನಾಗಿದೆ ಎಂದು ತೋರಿಸಿ ಹಾನಿಯನ್ನು ಮುಚ್ಚಬಹುದು. ಏನೇ ಇರಲಿ, ದಿನನಿತ್ಯದ ಚಿಕಿತ್ಸೆಯಲ್ಲಿ ಸ್ವಾಪ್ ಈಗ ಅಪರೂಪ. ನಿಮ್ಮ ಪ್ರಿಂಟಿನಲ್ಲಿ ವೈಟ್ ಎಂದಿರುವ ತನಕ ಈ ಚಿಂತೆ ನಿಮಗೆ ಬೇಡ.

ಈಗ ಮೂರು ವಾರದ −10.6. ಪ್ರಿಂಟಿನ ಅದೇ ತಲೆಭಾಗದಲ್ಲಿ ಬಲಕ್ಕೆ, ಪ್ಯೂಪಿಲ್ ಡಯಾಮೀಟರ್, ವಿಷುವಲ್ ಅಕ್ಯುಟಿ ಎಂಬುದರ ಕೆಳಗೆ ಆರ್‌ಎಕ್ಸ್ ಎಂಬ ಸಾಲಿದೆ. ಟೆಸ್ಟ್ ಮಾಡುವಾಗ ಕಣ್ಣಿನ ಮುಂದೆ ಯಾವ ಪವರಿನ ಟ್ರಯಲ್ ಲೆನ್ಸ್ ಇಟ್ಟಿದ್ದರು ಎಂದು ಅಲ್ಲಿರುತ್ತದೆ. ಮೊದಲನೇ ಪ್ರಿಂಟಿನಲ್ಲಿ +0.75. ಎರಡನೆಯದರಲ್ಲೂ +0.75. ಮೂರನೆಯದರಲ್ಲಿ +3.00. ನಿಮ್ಮ ಗೊಂದಲದ ಗಂಟು ಇರುವುದು ಈ ಮೂರು ಅಂಕಿಗಳಲ್ಲಿ.

ಬೋಗುಣಿ ಕಣ್ಣಿನಿಂದ 30 ಸೆಂಟಿಮೀಟರ್ ದೂರದಲ್ಲಿರುತ್ತದೆ. ಅಷ್ಟು ಹತ್ತಿರದ್ದು ಸ್ಪಷ್ಟ ಕಾಣಲು, ತಾನೇ ಫೋಕಸ್ ಬದಲಿಸಲಾರದ ಕಣ್ಣಿಗೆ ದೂರದ ಪವರಿನ ಮೇಲೆ +3.25 ಸೇರಿಸಬೇಕು. ಪೊರೆ ಗಟ್ಟಿಯಾಗುತ್ತ ಹೋದಂತೆ ಕಣ್ಣು ಮೈನಸ್ ಕಡೆ ವಾಲುತ್ತದೆ. ನಿಮ್ಮ ತಂದೆಯವರು ಕನ್ನಡಕವಿಲ್ಲದೆ ಪೇಪರ್ ಓದುತ್ತಿದ್ದದ್ದು ಅದರಿಂದಲೇ. ಆಗ ಅವರ ದೂರದ ಪವರ್ −2.50 ಇದ್ದಿರಬೇಕು, ಅದಕ್ಕೆ +3.25 ಸೇರಿಸಿದರೆ +0.75. ಲೆಕ್ಕ ಸರಿಯಾಗಿದೆ. ಆಪರೇಷನ್ ಆದ ಮೇಲೆ ಆ ಮೈನಸ್ ಹೋಯಿತು, ಈಗ ದೂರದ ಪವರ್ −0.25 ಮಾತ್ರ. ಬೇಕಾದ ಟ್ರಯಲ್ ಲೆನ್ಸ್ +3.00. ಆದರೆ ಮೂರನೇ ವಾರ ಹಳೆಯ +0.75 ಅನ್ನೇ ಇಟ್ಟಿದ್ದಾರೆ. ಹಿಂದಿನ ಟೆಸ್ಟಿನ ಪವರ್ ಯಂತ್ರದ ನೆನಪಿನಲ್ಲಿರುತ್ತದೆ, ಅದನ್ನೇ ತೆರೆದು ಮುಂದುವರಿದರೆ ಹೀಗಾಗುತ್ತದೆ. ವ್ಯತ್ಯಾಸ 2.25 ಡಯಾಪ್ಟರ್ (ಲೆನ್ಸಿನ ಪವರ್ ಅಳೆಯುವ ಮಾನ). ಸೈಜ್ 3 ಚುಕ್ಕೆ ಒಂದು ಡಯಾಪ್ಟರ್ ಮಸುಕಾದರೆ 1 ಡಿಬಿಗಿಂತ ಸ್ವಲ್ಪ ಹೆಚ್ಚು ಇಳಿಯುತ್ತದೆ, ಎರಡೂಕಾಲಿಗೆ ಎರಡೂವರೆಯಿಂದ ಮೂರು. ಮೂರು ತಿಂಗಳಿನ −7.4ರಿಂದ ಅಷ್ಟು ಕಳೆದು ನೋಡಿ, ಮೂರನೇ ವಾರದ ಅಂಕಿಯ ಹತ್ತಿರಕ್ಕೇ ಬರುತ್ತದೆ. ಉಳಿದ ಚೂರುಪಾರು ಇನ್ನೂ ಪೂರ್ತಿ ಮಾಯದ ಕಣ್ಣಿನದು.

ಆದ್ದರಿಂದ ಎರಡನೇ ಪ್ರಿಂಟನ್ನು ಹೋಲಿಕೆಗೆ ಬಳಸಬೇಡಿ. ಹರಿದು ಹಾಕುವುದೂ ಬೇಡ. ಅದರ ಮೇಲೆ ಪೆನ್ನಿನಲ್ಲಿ ‘ಟ್ರಯಲ್ ಲೆನ್ಸ್ ಹಳೆಯದು’ ಎಂದು ಬರೆದಿಡಿ, ಮುಂದೆ ಇನ್ನೊಬ್ಬ ಡಾಕ್ಟರು ನೋಡಿದಾಗ ಗಾಬರಿಯಾಗುವುದು ತಪ್ಪುತ್ತದೆ.

ಇಂಥ ಮಸುಕಿನ ತಪ್ಪು ಮೂರು ದಾರಿಯಲ್ಲಿ ನುಸುಳುತ್ತದೆ. ಒಂದು ಈಗ ಹೇಳಿದ್ದು. ಇನ್ನೊಂದು, ಟ್ರಯಲ್ ಲೆನ್ಸಿನ ಬದಲು ರೋಗಿಯ ಬೈಫೋಕಲ್ ಅಥವಾ ಪ್ರೊಗ್ರೆಸಿವ್ ಕನ್ನಡಕವನ್ನೇ ಹಾಕಿ ಕೂರಿಸುವುದು. ಅದರ ಒಂದು ಭಾಗ ದೂರಕ್ಕೆ, ಇನ್ನೊಂದು ಹತ್ತಿರಕ್ಕೆ ಇರುವುದರಿಂದ ಮೇಲಿನ ಬಿಂದುಗಳೆಲ್ಲ ಸುಳ್ಳೇ ಇಳಿಯುತ್ತವೆ. ಬಿಸಿಲಿಗೆ ಕಪ್ಪಾಗುವ ಕನ್ನಡಕವಂತೂ ಟೆಸ್ಟಿಗೆ ಬೇಡವೇ ಬೇಡ. ಬಣ್ಣದ ಬಗ್ಗೆ ಚಿಂತಿಸುವುದಾದರೆ ಕಣ್ಣೊಳಗಿನ ಹಳದಿಗಿಂತ ಇದರ ಬಗ್ಗೆ ಚಿಂತಿಸಬೇಕು. ಮೂರನೆಯದು ಟ್ರಯಲ್ ಲೆನ್ಸಿನ ಅಂಚು. ಲೆನ್ಸ್ ಕಣ್ಣಿನಿಂದ ದೂರ ಉಳಿದರೆ, ಅಥವಾ ರೋಗಿ ಸುಸ್ತಾಗಿ ತಲೆ ಹಿಂದೆ ಸರಿಸಿದರೆ, ಅಂಚಿನ ನೆರಳು ಹೊರಗಿನ ಬಿಂದುಗಳ ಮೇಲೆ ಬೀಳುತ್ತದೆ. ಪ್ರಿಂಟಿನಲ್ಲಿ ಹೊರಸುತ್ತಿನ ಬಿಂದುಗಳಷ್ಟೇ 0 ಡಿಬಿಗೆ ಬಿದ್ದು, ಅವುಗಳ ಪಕ್ಕದವು ಚೆನ್ನಾಗಿದ್ದರೆ ಮೊದಲ ಅನುಮಾನ ಇದರ ಮೇಲೆ ಬರಬೇಕು. ತೆಳು ಅಂಚಿನ ಲೆನ್ಸ್ ಬಳಸಿ, ರೆಪ್ಪೆಕೂದಲಿಗೆ ತಾಗದಷ್ಟು ಹತ್ತಿರ ತಂದು, ಮಧ್ಯಕ್ಕೆ ಸರಿಯಾಗಿ ಕೂರಿಸಿದರೆ ಇದು ತಪ್ಪುತ್ತದೆ. ಪ್ಲಸ್ ಪವರ್ ಹೆಚ್ಚಾದಷ್ಟೂ ಈ ತೊಂದರೆ ಹೆಚ್ಚು. ಆಪರೇಷನ್ ಆದ ಮೇಲೆ +0.75 ಹೋಗಿ +3.00 ಬಂದಿರುವುದರಿಂದ ಇನ್ನು ಮುಂದೆ ಗಮನವಿರಲಿ.

ಇನ್ನು ಮನಸ್ಸಿಗೆ ಸಮಾಧಾನ ಕೊಟ್ಟ −7.4. ಇದು ನಿಜವಾದ ಸುಧಾರಣೆ, ಆದರೆ ಗ್ಲಾಕೋಮಾದ ಸುಧಾರಣೆಯಲ್ಲ. ಹೋದದ್ದು ಪೊರೆ. ಗ್ಲಾಕೋಮಾದಲ್ಲಿ ಸತ್ತ ನರದ ಎಳೆ ಮತ್ತೆ ಹುಟ್ಟುವುದಿಲ್ಲ. ಇದನ್ನು ಕಠಿಣವಾಗಿ ಹೇಳಲು ಕಾರಣವಿದೆ. ಎಂಡಿ ಸುಧಾರಿಸಿದ್ದನ್ನು ನೋಡಿ ಡ್ರಾಪ್ಸ್ ನಿಲ್ಲಿಸುವ ರೋಗಿಗಳಿದ್ದಾರೆ, ಆಪರೇಷನ್ ಆಯಿತಲ್ಲ, ಕಣ್ಣು ಚೆನ್ನಾಗಿ ಕಾಣುತ್ತಿದೆಯಲ್ಲ ಎಂದು. ದಯವಿಟ್ಟು ಹಾಗೆ ಮಾಡಬೇಡಿ.

ಪೊರೆ ಯಾವುದು, ಗ್ಲಾಕೋಮಾ ಯಾವುದು ಎಂದು ಪ್ರಿಂಟಿನಲ್ಲೇ ಬೇರ್ಪಡಿಸಬಹುದು. ಕೆಳಭಾಗದಲ್ಲಿ ಚೌಕಾಕಾರದ ಕಪ್ಪು-ಬೂದು ಗುರುತುಗಳಿರುವ ಎರಡು ನಕ್ಷೆಗಳಿವೆ. ಎಡಗಡೆಯದು ಟೋಟಲ್ ಡೀವಿಯೇಷನ್: ಅದೇ ವಯಸ್ಸಿನ ಆರೋಗ್ಯವಂತರಿಗಿಂತ ಪ್ರತಿ ಬಿಂದು ಎಷ್ಟು ಕಮ್ಮಿ ಎಂಬುದು. ಬಲಗಡೆಯದು ಪ್ಯಾಟರ್ನ್ ಡೀವಿಯೇಷನ್. ಇದು ಕಣ್ಣಿನಲ್ಲಿ ಚೆನ್ನಾಗಿ ಉಳಿದಿರುವ ಬಿಂದುಗಳನ್ನು ಆಧಾರವಾಗಿಟ್ಟುಕೊಂಡು, ಎಲ್ಲ ಕಡೆಗೂ ಒಂದೇ ಸಮನಾಗಿ ಕವಿದಿರುವ ಮಬ್ಬನ್ನು ಕಳೆದು, ಆಮೇಲೂ ಉಳಿಯುವ ಗುಂಡಿಗಳನ್ನು ತೋರಿಸುತ್ತದೆ. ಪೊರೆ ಎಲ್ಲ ಕಡೆಗೂ ಸಮನಾಗಿ ಕವಿಯುತ್ತದೆ. ಗ್ಲಾಕೋಮಾ ನರದ ಎಳೆಗಳ ಜಾಡಿನಲ್ಲಿ ಗುಂಡಿ ತೋಡುತ್ತದೆ.

ನಿಮ್ಮ ಮೊದಲ ಪ್ರಿಂಟಿನಲ್ಲಿ ಎಡ ನಕ್ಷೆ ಪೂರ್ತಿ ಕಪ್ಪು, ಬಲ ನಕ್ಷೆಯಲ್ಲಿ ಮೇಲ್ಭಾಗದ ಕಮಾನು ಮಾತ್ರ, ಅದು ಮೂಗಿನ ಕಡೆಗೆ ಇಳಿದು ಅಡ್ಡಗೆರೆಯ ಬಳಿ ಥಟ್ಟನೆ ನಿಂತಿದೆ. ಎರಡು ನಕ್ಷೆಗಳ ನಡುವಿನ ಆ ಅಂತರವೇ ಪೊರೆ. ಮೂರನೇ ಪ್ರಿಂಟಿನಲ್ಲಿ ಎರಡೂ ನಕ್ಷೆ ಒಂದರಂತೆ ಇನ್ನೊಂದಿವೆ, ಕಮಾನು ಇನ್ನಷ್ಟು ಖಚಿತವಾಗಿ ಕಾಣುತ್ತಿದೆ. ಪಿಎಸ್‌ಡಿ 6.4ರಿಂದ 7.8ಕ್ಕೆ ಏರಿರುವುದನ್ನು ನೋಡಿ ಹೆದರಬೇಡಿ. ಬಿಂದುಗಳ ನಡುವೆ ಎಷ್ಟು ಏರುತಗ್ಗಿದೆ ಎಂದು ಅದು ಅಳೆಯುತ್ತದೆ. ಮಬ್ಬು ಸರಿದು ಚೆನ್ನಾಗಿರುವ ಜಾಗ ಮೇಲೆದ್ದಾಗ, ಕೆಟ್ಟ ಜಾಗ ಅಲ್ಲೇ ಉಳಿದರೆ ಏರುತಗ್ಗು ಹೆಚ್ಚಾಗಲೇಬೇಕು. ವಿಎಫ್‌ಐ, ಅಂದರೆ ಫೀಲ್ಡ್ ಶೇಕಡಾ ಎಷ್ಟು ಉಳಿದಿದೆ ಎಂಬ ಅಂಕಿ, ಮೂರರಲ್ಲೂ 72–73 ಇದೆ. ಆ ಅಂಕಿಯನ್ನು ಬಹುಮಟ್ಟಿಗೆ ಪ್ಯಾಟರ್ನ್ ನಕ್ಷೆಯ ಆಧಾರದ ಮೇಲೆ ಲೆಕ್ಕ ಹಾಕುವುದರಿಂದ ಪೊರೆಗೂ ಮಸುಕಿಗೂ ಅದು ಹೆಚ್ಚು ಅಲುಗುವುದಿಲ್ಲ. ಫಾಲ್ಸ್ ಪಾಸಿಟಿವ್ ಶೇ. 3 ಮಾತ್ರ, ಅಂದರೆ ಚುಕ್ಕೆ ಕಾಣದೆಯೇ ಬಟನ್ ಒತ್ತಿ ಅಂಕ ಏರಿಸಿಕೊಂಡದ್ದಲ್ಲ, ಅದು ಶೇ. 15 ದಾಟಿದ್ದರೆ −7.4 ಅನ್ನು ನಂಬುವಂತಿರಲಿಲ್ಲ. ಎಲ್ಲ ಸೇರಿಸಿ ನೋಡಿದರೆ ಬಲಗಣ್ಣಿನ ಗ್ಲಾಕೋಮಾ ಹಾನಿ ಆಪರೇಷನ್ನಿಗೆ ಮೊದಲು ಎಲ್ಲಿತ್ತೋ ಬಹುಶಃ ಅಲ್ಲೇ ಇದೆ. ಪಕ್ಕಾ ಮಾತು ನಿಮ್ಮ ಡಾಕ್ಟರು ನರವನ್ನು ನೋಡಿ ಹೇಳಬೇಕು.

ಇಲ್ಲಿಂದ ಮುಂದೆ ಒಂದು ಕೆಲಸ ಆಗಲೇಬೇಕು, ಅದನ್ನು ನೀವೇ ಬಾಯಿಬಿಟ್ಟು ಕೇಳಿ: ಬಲಗಣ್ಣಿಗೆ ಹೊಸ ಬೇಸ್‌ಲೈನ್, ಅಂದರೆ ಮುಂದಿನ ಟೆಸ್ಟ್‌ಗಳನ್ನು ಹೋಲಿಸಲು ಹೊಸ ಆಧಾರ. ನಿಮ್ಮ ಪ್ರಿಂಟುಗಳು ಬಂದಿರುವ ಹಂಫ್ರಿ ಎಂಬ ಯಂತ್ರದಲ್ಲಿ ಜಿಪಿಎ ಎಂಬ ವರದಿ ಮೊದಲ ಎರಡು ಟೆಸ್ಟ್‌ಗಳನ್ನು ಆಧಾರವಾಗಿಟ್ಟು ಮುಂದಿನದನ್ನೆಲ್ಲ ಅವುಗಳಿಗೆ ಹೋಲಿಸುತ್ತದೆ. ಮೊದಲ ಸಲ ಕುಸಿದ ಬಿಂದುವಿಗೆ ಖಾಲಿ ತ್ರಿಕೋನ, ಸತತ ಎರಡನೇ ಸಲಕ್ಕೆ ಅರ್ಧ ಕಪ್ಪು, ಮೂರನೇ ಸಲಕ್ಕೆ ಪೂರ್ತಿ ಕಪ್ಪು. ಅಂಥ ಮೂರು ಬಿಂದುಗಳು ಸತತ ಮೂರು ಟೆಸ್ಟಿನಲ್ಲಿ ಬಂದರೆ ರೋಗ ಮುಂದುವರಿದಿರುವ ಸಂಭವ ಹೆಚ್ಚು ಎಂದು ಬರೆಯುತ್ತದೆ. ಪೊರೆ ಇದ್ದಾಗಿನ ಟೆಸ್ಟೇ ಆಧಾರವಾಗಿ ಉಳಿದರೆ ಎರಡು ರೀತಿಯಲ್ಲಿ ಮೋಸವಾಗುತ್ತದೆ. ಮಬ್ಬಿನಲ್ಲಿ ಮರೆಯಾಗಿದ್ದ ಗುಂಡಿ ಈಗ ಆಳವಾಗಿ ಕಂಡು, ಇಲ್ಲದ ತ್ರಿಕೋನ ಮೂಡಬಹುದು. ಇದಕ್ಕಿಂತ ಅಪಾಯಕಾರಿಯಾದದ್ದು ಇನ್ನೊಂದು: ಪೊರೆ ಹೋಗಿ ಸಿಕ್ಕಿದ 2–3 ಡಿಬಿ ಲಾಭದ ಅಡಿಯಲ್ಲಿ, ಮುಂದಿನ ಎರಡು-ಮೂರು ವರ್ಷದಲ್ಲಿ ಗ್ಲಾಕೋಮಾ ತಿಂದದ್ದು ಎಂಡಿಯ ಲೆಕ್ಕಕ್ಕೇ ಬರದೆ ಹೋಗಬಹುದು. ಹೊಸ ಬೇಸ್‌ಲೈನಿಗೆ ಟೆಸ್ಟ್‌ಗಳನ್ನು ಆರಿಸುವ ಸೌಲಭ್ಯ ಯಂತ್ರದಲ್ಲೇ ಇದೆ. ಮೂರು ತಿಂಗಳಿನ ಟೆಸ್ಟನ್ನು ಒಂದಾಗಿ ತೆಗೆದುಕೊಂಡು, ಕೆಲವು ವಾರಗಳೊಳಗೆ ಇನ್ನೊಂದನ್ನು ಅದೇ 24-2, ಅದೇ ಸೀಟಾ ವಿಧಾನದಲ್ಲಿ (ಯಂತ್ರ ಟೆಸ್ಟ್ ನಡೆಸುವ ಕ್ರಮದ ಹೆಸರು) ಮಾಡಿಸಿದರೆ ಸಾಕು. ಸಾಮಾನ್ಯವಾಗಿ ಆಪರೇಷನ್ ಆಗಿ 6–8 ವಾರ ಕಳೆದು, ಪವರ್ ಸ್ಥಿರವಾಗಿ, ಸ್ಟೀರಾಯ್ಡ್ ಡ್ರಾಪ್ಸ್ ಮುಗಿದ ಮೇಲೆ ಇದನ್ನು ಮಾಡುವುದು ಸರಿ. ಕೆಲವರಿಗೆ ಆ ಸ್ಟೀರಾಯ್ಡ್ ಡ್ರಾಪ್ಸ್‌ನಿಂದಲೇ ಕಣ್ಣಿನ ಪ್ರೆಶರ್ ಏರುತ್ತದೆ, ಗ್ಲಾಕೋಮಾ ಇರುವವರಲ್ಲಿ ಇದು ಹೆಚ್ಚು. ಆ ವಾರಗಳಲ್ಲಿ ಪ್ರೆಶರ್ ನೋಡಿಸುವುದನ್ನು ತಪ್ಪಿಸಬಾರದು.

ನರದ ಪದರದ ದಪ್ಪ ಅಳೆಯುವ ಓಸಿಟಿ ಸ್ಕ್ಯಾನಿಗೂ ಹೊಸ ಆಧಾರ ಬೇಕು. ಅದು ಬಳಸುವುದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು, ಹಳದಿ ಲೆನ್ಸಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಪೊರೆ ಹೋದ ಮೇಲೆ ಸಿಗ್ನಲ್ ಸುಧಾರಿಸಿ ನರದ ಪದರ ಮೊದಲಿಗಿಂತ ದಪ್ಪವಾಗಿದೆ ಎಂದು ತೋರಬಹುದು. ದಪ್ಪವಾಗಿರುವುದಿಲ್ಲ, ಅಳತೆ ಚೊಕ್ಕಟವಾಗಿರುತ್ತದೆ.

ಚಿತ್ರದುರ್ಗದಲ್ಲಿ ಮಾಡಿಸಬಹುದೇ ಎಂದು ಕೇಳಿದ್ದೀರಿ. ಖಂಡಿತ ಮಾಡಿಸಬಹುದು, ವಯಸ್ಸಾದವರಿಗೆ ಹತ್ತಿರದ ಜಾಗವೇ ಒಳ್ಳೆಯದು. ಬೆಳಗ್ಗೆ ಎದ್ದು ಬಸ್ಸಿನಲ್ಲಿ ನಿಂತು ದಾವಣಗೆರೆ ತಲುಪಿ, ಸಾಲಿನಲ್ಲಿ ಕಾದು, ಮಧ್ಯಾಹ್ನ ಹಸಿದ ಹೊಟ್ಟೆಯಲ್ಲಿ ಯಂತ್ರದ ಮುಂದೆ ಕೂತರೆ ಒಂದು ಕಣ್ಣಿಗೆ ಐದಾರು ನಿಮಿಷದ ಟೆಸ್ಟ್ ಕೂಡ ಭಾರವಾಗುತ್ತದೆ. ಷರತ್ತು ಒಂದೇ: ಯಂತ್ರ ಯಾವುದೆಂದು ಮೊದಲು ಕೇಳಿ. ಅಲ್ಲಿಯೂ ಹಂಫ್ರಿ ಇದ್ದರೆ ಹಳೆಯ ಪ್ರಿಂಟುಗಳ ಜೊತೆ ಕಣ್ಣಳತೆಯಲ್ಲಿ ಹೋಲಿಸಬಹುದು. ಆಕ್ಟೋಪಸ್ ಎಂಬ ಇನ್ನೊಂದು ಯಂತ್ರ ಇದ್ದರೆ ಡಿಬಿಯ ಅಳತೆಗೋಲೇ ಬೇರೆ, ಎಂಡಿಯ ಚಿಹ್ನೆಯೂ ತಿರುಗುಮುರುಗು: ಹಂಫ್ರಿಯಲ್ಲಿ ಹಾನಿ ಮೈನಸ್ಸಿನಲ್ಲಿ ಬರುತ್ತದೆ, ಆಕ್ಟೋಪಸ್ಸಿನಲ್ಲಿ ಪ್ಲಸ್ಸಿನಲ್ಲಿ. −7.4 ಇದ್ದದ್ದು +7 ಆಯಿತು ಎಂದು ಸಂತೋಷಪಡುವ ಹಾಗಿಲ್ಲ. ಯಂತ್ರ ಬದಲಿಸುವುದಿದ್ದರೆ ಈಗಲೇ ಬದಲಿಸಿ, ಹೇಗೂ ಹೊಸ ಬೇಸ್‌ಲೈನ್ ಬೇಕಲ್ಲ. ಎರಡು ಟೆಸ್ಟನ್ನೂ ಅಲ್ಲೇ ಮಾಡಿಸಿ, ಆಮೇಲೆ ಅತ್ತಿತ್ತ ಓಡಾಡಬೇಡಿ.

ಟೆಸ್ಟಿನ ದಿನ ಇತ್ತೀಚಿನ ಕನ್ನಡಕದ ಚೀಟಿ ಕೈಯಲ್ಲಿರಲಿ, ಟೆಕ್ನಿಷಿಯನ್ನರಿಗೆ ತೋರಿಸಿ, ‘ಬಲಗಣ್ಣಿಗೆ ಆಪರೇಷನ್ ಆಗಿದೆ, ಪವರ್ ಬದಲಾಗಿದೆ’ ಎಂದು ಹೇಳಿ. ಟೆಸ್ಟಿಗೆ ಮೊದಲು ಪಾಪೆ ಹಿಗ್ಗಿಸುವ ಡ್ರಾಪ್ಸ್ ಬೇಡ, ಅದು ಟೆಸ್ಟ್ ಆದ ಮೇಲೆ. ಪಾಪೆ 3 ಮಿಲಿಮೀಟರಿಗಿಂತ ಚಿಕ್ಕದಿದ್ದರೆ, ಪಾಪೆ ಕುಗ್ಗಿಸುವ ಪೈಲೋಕಾರ್ಪಿನ್ ಡ್ರಾಪ್ಸ್ ಹಾಕುವವರಲ್ಲಿ ಹೀಗಾಗುತ್ತದೆ, ಎಲ್ಲ ಬಿಂದುಗಳೂ ಇಳಿಯುತ್ತವೆ. ಮೇಲಿನ ರೆಪ್ಪೆ ಜೋತಿದ್ದರೆ ಟೇಪ್ ಹಾಕಿ ಎತ್ತಬೇಕು, ಇಲ್ಲದಿದ್ದರೆ ಮೇಲ್ಭಾಗದ ಬಿಂದುಗಳು ಕಪ್ಪಾಗುತ್ತವೆ. ನಿಮ್ಮ ತಂದೆಯವರ ಹಾನಿಯೂ ಮೇಲ್ಭಾಗದಲ್ಲೇ ಇರುವುದರಿಂದ ಎರಡೂ ಬೆರೆತುಹೋಗುತ್ತವೆ. ಅರ್ಧದಷ್ಟು ಚುಕ್ಕೆಗಳು ಯಾರಿಗೂ ಕಾಣುವುದಿಲ್ಲ, ಟೆಸ್ಟ್ ನಡೆಯುವುದೇ ಹಾಗೆ ಎಂದು ಅವರಿಗೆ ಮೊದಲೇ ತಿಳಿಸಿ. ಕಾಣಲಿಲ್ಲವಲ್ಲ ಎಂಬ ಆತಂಕದಲ್ಲಿ ಕಣ್ಣು ಅತ್ತಿತ್ತ ಹೊರಳಿಸುವುದು, ಸುಮ್ಮನೆ ಒತ್ತುವುದು ಎರಡೂ ಇದರಿಂದ ಕಮ್ಮಿಯಾಗುತ್ತದೆ.

ಇನ್ನು ಕೆಲವು ತಿಂಗಳು ಅಥವಾ ವರ್ಷಗಳ ನಂತರ ಎಂಡಿ ಮತ್ತೆ ಇಳಿದು, ಪ್ಯಾಟರ್ನ್ ನಕ್ಷೆ ಹಾಗೇ ಇದ್ದರೆ, ಲೆನ್ಸಿನ ಹಿಂದಿನ ಚೀಲ ಮಬ್ಬಾಗಿರಬಹುದು. ಹಳದಿ ಲೆನ್ಸೇ ಇನ್ನಷ್ಟು ಹಳದಿಯಾಯಿತು ಎಂದು ಜನ ತಿಳಿಯುತ್ತಾರೆ, ಅದಲ್ಲ. ಯಾಗ್ ಲೇಸರಿನಿಂದ ಕೆಲವೇ ನಿಮಿಷದಲ್ಲಿ ಅದನ್ನು ತೆರೆಯುತ್ತಾರೆ. ಗ್ಲಾಕೋಮಾ ಇರುವವರಿಗೆ ಲೇಸರ್ ಆದ ಕೆಲವು ಗಂಟೆಗಳಲ್ಲಿ ಪ್ರೆಶರ್ ಏರಬಹುದು. ಪ್ರೆಶರ್ ಇಳಿಸುವ ಡ್ರಾಪ್ಸ್ ಹಾಕಿಸಿಕೊಂಡು, ಒಂದು ಗಂಟೆಯ ನಂತರ ಅಳೆಸಿಯೇ ಮನೆಗೆ ಹೊರಡಿ.

ಕೊನೆಯದಾಗಿ ಎಡಗಣ್ಣು. ಫೀಲ್ಡ್ ಟೆಸ್ಟಿನ ದೃಷ್ಟಿಯಿಂದ ಹಳದಿ, ಬಣ್ಣವಿಲ್ಲದ್ದು ಎರಡೂ ಒಂದೇ. ಹಳದಿ ಲೆನ್ಸ್ ಅಕ್ಷಿಪಟಲವನ್ನು ಕಾಯುತ್ತದೆ ಎಂದು ಹೆಚ್ಚು ಹಣ ಕೇಳಿದರೆ ನಾವು ಒಪ್ಪುವುದಿಲ್ಲ. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2018ರ ಪರಿಶೀಲನೆಯಲ್ಲಿ ಅಂಥ ರಕ್ಷಣೆಗೆ ಸ್ಪಷ್ಟ ಪುರಾವೆ ಸಿಗಲಿಲ್ಲ. ಆದರೂ ಬಲಗಣ್ಣಿಗೆ ಹಳದಿ ಇರುವುದರಿಂದ ಎಡಕ್ಕೂ ಅದೇ ಹಾಕಿಸುವುದು ಮೇಲು. ಒಂದೊಂದು ಕಣ್ಣಿಗೆ ಒಂದೊಂದು ಆದರೆ ಕೆಲವರಿಗೆ ಬಿಳಿ ಗೋಡೆ, ಬಿಳಿ ಪಂಚೆ ಒಂದು ಕಣ್ಣಿನಲ್ಲಿ ನೀಲಿಯಾಗಿ, ಇನ್ನೊಂದರಲ್ಲಿ ಕೆನೆಬಣ್ಣವಾಗಿ ಕಾಣುತ್ತದೆ, ಮತ್ತು ಅಕಸ್ಮಾತ್ ಯಾರಾದರೂ ಸ್ವಾಪ್ ಮಾಡಿದರೆ ಆಗಲೇ ಹೇಳಿದ ಗೊಂದಲ. ಆಪರೇಷನ್ ಆದಾಗ ಕೊಟ್ಟ ಲೆನ್ಸ್ ಕಾರ್ಡಿನ ಸ್ಟಿಕರ್ ನೋಡಿ. ಉದಾಹರಣೆಗೆ ಅಲ್ಕಾನ್ ಕಂಪನಿಯ ಆಕ್ರಿಸಾಫ್ ಆಗಿದ್ದರೆ ಎಸ್‌ಎನ್60 ಎಂದು ಶುರುವಾಗುವುದು ಹಳದಿ, ಎಸ್‌ಎ60 ಎಂದು ಶುರುವಾಗುವುದು ಬಣ್ಣವಿಲ್ಲದ್ದು. ಆ ಕಾರ್ಡನ್ನು ಗ್ಲಾಕೋಮಾ ಫೈಲಿನಲ್ಲೇ ಇಡಿ.

ಎಡಗಣ್ಣಿನ ವಿಷಯದಲ್ಲಿ ಬಣ್ಣಕ್ಕಿಂತ ನೂರು ಪಾಲು ಮುಖ್ಯವಾದದ್ದು ಬೇರೆ ಇದೆ. ಕನ್ನಡಕವೇ ಬೇಡವಾಗುತ್ತದೆ ಎಂದು ಮಲ್ಟಿಫೋಕಲ್ ಲೆನ್ಸ್ ಹಾಕಿಸಿಕೊಳ್ಳಲು ಹೇಳಿದರೆ, ಗ್ಲಾಕೋಮಾದಿಂದ ಈಗಾಗಲೇ ಫೀಲ್ಡ್ ಕಳೆದುಕೊಂಡವರು ಒಪ್ಪಬಾರದು ಎಂಬುದೇ ನಮ್ಮ ಅಭಿಪ್ರಾಯ. ಆ ಲೆನ್ಸ್ ಒಳಬಂದ ಬೆಳಕನ್ನು ದೂರಕ್ಕೂ ಹತ್ತಿರಕ್ಕೂ ಹಂಚುತ್ತದೆ. ಬಿಳಿ ಮೇಲೆ ಬಿಳಿ ಟೆಸ್ಟಿನಲ್ಲೇ ಸುಮಾರು 2 ಡಿಬಿ ಇಳಿಕೆ ತೋರುತ್ತದೆ, ಹಳದಿ ಬಣ್ಣ ಮಾಡದ ಕೆಲಸವನ್ನು ಇದು ಮಾಡುತ್ತದೆ. ಅದಕ್ಕಿಂತ ಹೆಚ್ಚಾಗಿ, ಗ್ಲಾಕೋಮಾ ಮೊದಲೇ ಕಸಿದಿರುವ ಕಾಂಟ್ರಾಸ್ಟ್ ದೃಷ್ಟಿಯನ್ನು, ಮುಸ್ಸಂಜೆಯಲ್ಲಿ ಮೆಟ್ಟಿಲಿನ ಅಂಚು ಗುರುತಿಸುವ ಶಕ್ತಿಯನ್ನು, ಇನ್ನಷ್ಟು ಕಮ್ಮಿ ಮಾಡುತ್ತದೆ. ಒಂದೇ ದೂರಕ್ಕೆ ಫೋಕಸ್ ಆಗುವ ಸಾಮಾನ್ಯ ಮೊನೋಫೋಕಲ್ ಲೆನ್ಸ್ ಸಾಕು, ಸಿಲಿಂಡರ್ ಪವರ್ ಹೆಚ್ಚಿದ್ದರೆ ಅದನ್ನು ಸರಿಪಡಿಸುವ ಟೋರಿಕ್ ಹಾಕಿಸಲು ಅಡ್ಡಿಯಿಲ್ಲ. ಓದಲು ಕನ್ನಡಕ ಬೇಕಾಗುತ್ತದೆ, ಅದು ದೊಡ್ಡ ಬೆಲೆಯಲ್ಲ. ಎಡಗಣ್ಣಿನ ಆಪರೇಷನ್ನಿಗೆ ದಿನ ಗೊತ್ತಾದ ಕೂಡಲೇ, ಅದಕ್ಕೆ ಮುಂಚಿನ ವಾರಗಳಲ್ಲಿ ಆ ಕಣ್ಣಿಗೆ ಒಂದು ಫೀಲ್ಡ್ ಟೆಸ್ಟ್, ಒಂದು ಓಸಿಟಿ ಮಾಡಿಸಿಟ್ಟುಕೊಳ್ಳಿ, ಆರ್‌ಎಕ್ಸ್ ಸಾಲಿನಲ್ಲಿ ಅವತ್ತಿನ ಸರಿಯಾದ ಪವರ್ ಬಿದ್ದಿದೆಯೇ ಎಂದು ಅಲ್ಲೇ ನಿಂತು ನೋಡಿ.